ಒಂದೇ ಅಳತೆಯ ಮೂರು ಕೌದಿ: ಕೈಸೂಜಿ, ಕಾಲುಯಂತ್ರ, ಮೋಟಾರು

ಹಳೆಯ ಅರಿವೆಗಳನ್ನು ಪದರು ಪದರಾಗಿ ಕೂಡಿಸಿ ಹೊಲಿದ ಹೊದಿಕೆಯೇ ಕೌದಿ. ಅದನ್ನು ಹೊಲಿಸಲು ಬರುವವರು ಮೊದಲು ದರ ಕೇಳುತ್ತಾರೆ. ಆಮೇಲೆ ಕೇಳುವುದು, ‘ಮಷಿನ್ ಮೇಲೆ ಹೊಲಿದರೆ ನಡೆಯುವುದಿಲ್ಲವೇ?’ ಬಾಗಲಕೋಟೆಯ ನವನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ಕುಪ್ಪಸ, ಪರಕಾರ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದೇನೆ. ಆ ಕೆಲಸವನ್ನು ತರಬೇತಿಯಲ್ಲಿ ಕಲಿತೆ, ಕೌದಿಯನ್ನು ಅಜ್ಜಿಯ ಪಕ್ಕ ಕುಳಿತು ಕಲಿತೆ. ಅಜ್ಜಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನ್ನನ್ನು ವಾರಕ್ಕೊಬ್ಬರಾದರೂ ಕೇಳುತ್ತಾರೆ, ಮತ್ತು ‘ಕೈಯದೇ ಚೆಂದ’ ಎಂಬ ಬಾಯಿಮಾತಿನ ಉತ್ತರ ನನಗೇ ಸಾಲದಾಯಿತು. ಹಾಗಾಗಿ 2023ರ ಜನವರಿಯ ಚಳಿಯಲ್ಲಿ ಒಂದೇ ಅಳತೆಯ ಮೂರು ಕೌದಿಗಳನ್ನು ಮೂರು ಬಗೆಯಲ್ಲಿ ಹೊಲಿದು ಮನೆಯಲ್ಲೇ ಬಳಕೆಗೆ ಇಟ್ಟೆ. ಎರಡು ಮಹಾನವಮಿಯ ಒಗೆತವನ್ನು ಅವು ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಳತೆ ಐದು ಅಡಿ ಅಗಲ, ಏಳು ಅಡಿ ಉದ್ದ. ತಳಕ್ಕೆ ಹಳೆಯ ಇಳಕಲ್ ಸೀರೆಯ ಒಡಲು, ನಡುವೆ ಎರಡು ಪದರು ಮಾವನವರ ಧೋತರ, ಮೇಲೆ ತೇಪೆಗಳು. ಸೀರೆಯ ಪನ್ನ, ಅಂದರೆ ಅಗಲ, ನಾಲ್ಕು ಅಡಿಯ ಆಸುಪಾಸು ಇರುವುದರಿಂದ ಒಂದು ಅಡಿಯ ಪಟ್ಟಿಯನ್ನು ಪಕ್ಕಕ್ಕೆ ಕೂಡಿಸಿಕೊಳ್ಳಬೇಕು. ಸೆರಗನ್ನು ಮಾತ್ರ ಕತ್ತರಿಸಿ ತೆಗೆದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಹತ್ತಿ, ಸೆರಗಿನ ಹಾಸು ರೇಷ್ಮೆ. ನೇಯುವ ಮೊದಲೇ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿರುತ್ತಾರೆ. ಉಟ್ಟಾಗ ಆ ಕೂಡು ಸೀರೆಯ ಸೊಗಸು. ಕೌದಿಯಲ್ಲಿ ಮಾತ್ರ ಅದು ತೊಡಕು, ಏಕೆಂದರೆ ನೀರು ಬಿದ್ದಾಗ ಹತ್ತಿಯೂ ರೇಷ್ಮೆಯೂ ಒಂದೇ ಸಮ ಕುಗ್ಗುವುದಿಲ್ಲ. ಕೆಂಪು ಸೆರಗು ಬಣ್ಣ ಬಿಡುವ ಭಯ ಬೇರೆ ಇದೆ. ಒದ್ದೆ ಮಾಡಿದ ಬಿಳಿ ಅರಿವೆಯಿಂದ ಒಮ್ಮೆ ಉಜ್ಜಿ ನೋಡಿ, ಬಣ್ಣ ಹತ್ತದಿದ್ದರೆ ನಾಲ್ಕು ಮೂಲೆಗಳಿಗೆ ಸಣ್ಣ ಚೌಕಗಳಾಗಿ ಬಳಸುತ್ತೇನೆ. ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡದ ಖಣದ ತುಣುಕುಗಳು ಮೂರೂ ಕೌದಿಗಳ ನಡುಭಾಗಕ್ಕೆ ಹೋದವು.

ಕೈಕೌದಿಗೆ ದಪ್ಪ ಹತ್ತಿ ದಾರವನ್ನು ಎರಡೆಳೆ ಮಾಡಿ, ಮೇಣದ ಮೇಲೆ ಎಳೆದು ಬಳಸಿದೆ. ಮೇಣ ಹಚ್ಚದ ದಾರ ನಾಲ್ಕು ಪದರು ದಾಟುವಾಗ ಗಂಟು ಬೀಳುತ್ತದೆ. ಅಜ್ಜಿ ಕಲಿಸಿದ ಹಾಗೆ ಅಂಚಿನಿಂದ ಶುರು ಮಾಡಿ, ಮೂಲೆಗೆ ಬಂದಾಗ ತಿರುಗಿ, ಚೌಕದೊಳಗೆ ಚೌಕವಾಗಿ ನಡುವಿನ ಕಡೆಗೆ ಬರುತ್ತೇನೆ. ಸಾಲಿನಿಂದ ಸಾಲಿಗೆ ಒಂದು ಇಂಚು, ಇಂಚಿಗೆ ಐದು ಟಾಕಿ, ಅಂದರೆ ಸೂಜಿ ಹಾಕುವ ಐದು ಬಿಡಿ ಹೊಲಿಗೆ. ಎಡಗೈ ಕೌದಿಯ ಅಡಿಯಲ್ಲಿರುತ್ತದೆ. ಸೂಜಿಯ ಮೊನೆ ಅಡಿಯ ಬೆರಳಿಗೆ ತಾಗಿದಾಗಲೇ ನಾಲ್ಕೂ ಪದರುಗಳನ್ನು ದಾಟಿದೆ ಎಂದು ಗೊತ್ತಾಗುವುದು. ತಾಗಿದ ಕೂಡಲೇ ಬೆರಳು ಮೊನೆಯನ್ನು ಮೇಲಕ್ಕೆ ನೂಕುತ್ತದೆ, ಬಲಗೈ ಅರಿವೆಯನ್ನು ಸೂಜಿಯ ಮೇಲೆ ಏರಿಸುತ್ತದೆ. ಹೀಗೆ ಸೂಜಿಯ ಮೇಲೆ ನಾಲ್ಕು ಟಾಕಿ ಕೂಡಿದ ಮೇಲೆ ಬೆರಳಿಗೆ ಹಾಕಿದ ಅಂಗುಸ್ತಾನದ ಟೊಪ್ಪಿಗೆಯಿಂದ ಒತ್ತಿ ದಾರ ಎಳೆಯುವುದು. ಎಳೆಯುವಾಗ ಪೂರ್ತಿ ಬಿಗಿ ಮಾಡಬಾರದು, ದಾರ ಅರಿವೆಯ ಮೇಲೆ ಮಲಗಿದಂತೆ ಇರಬೇಕು. ಇಷ್ಟನ್ನು ಕಲಿಯಲು ನನಗೆ ಎರಡು ಚಳಿಗಾಲ ಬೇಕಾಯಿತು.

ಹತ್ತೊಂಬತ್ತು ದಿನ, ದಿನಕ್ಕೆ ಎರಡು ಗಂಟೆ ಹಿಡಿಯಿತು. ಕೊನೆಯ ವಾರ ಕುತ್ತಿಗೆ ನೋವು ಬಂತು, ಎಡಗೈಯ ತೋರುಬೆರಳಿನ ತುದಿ ಜಡ್ಡುಗಟ್ಟಿತು.

ಯಂತ್ರದ ಎರಡು ಕೌದಿಗಳನ್ನೂ ನನ್ನ ಕಪ್ಪು ಬಣ್ಣದ ಹಳೆಯ ನೇರ ಹೊಲಿಗೆಯ ಯಂತ್ರದ ಮೇಲೆಯೇ ಹೊಲಿದೆ. ಮೊದಲು ಕಾಲಿನಿಂದ ತುಳಿದು, ನಂತರ ಅದಕ್ಕೇ ಸಣ್ಣ ಮೋಟಾರು ಕೂಡಿಸಿ. ಯಂತ್ರ ಬೇರೆಯಾದರೆ ಹೋಲಿಕೆಗೆ ಅರ್ಥವಿರುತ್ತಿರಲಿಲ್ಲ.

ಕೌದಿಗೆ ಯಂತ್ರ ಒಡ್ಡುವ ಮೊದಲ ತಕರಾರು ಜಾಗದ್ದು. ಸೂಜಿಗೂ ಯಂತ್ರದ ಕಂಬಕ್ಕೂ ನಡುವೆ ಒಂದು ಗೇಣಿಗೂ ಕಡಿಮೆ ಜಾಗವಿದೆ. ಐದು ಅಡಿಯ ಕೌದಿಯನ್ನು ಚಾಪೆಯಂತೆ ಸುತ್ತಿ ಆ ಸಂದಿಯಲ್ಲಿ ತೂರಿಸಬೇಕು. ಮೂಲೆಯಲ್ಲಿ ಅದನ್ನು ತಿರುಗಿಸಲು ಆಗುವುದೇ ಇಲ್ಲ. ಹಾಗಾಗಿ ಚೌಕದೊಳಗಿನ ಚೌಕ ಹೋಯಿತು, ಉದ್ದುದ್ದ ಗೆರೆಗಳು ಬಂದವು. ಹೊಲಿಯುವ ದಿಕ್ಕೂ ತಿರುಗುಮುರುಗಾಯಿತು: ಕೈಯಲ್ಲಿ ಅಂಚಿನಿಂದ ನಡುವಿಗೆ, ಯಂತ್ರದಲ್ಲಿ ನಡುವಿನಿಂದ ಅಂಚಿಗೆ. ಅಂಚಿನಿಂದ ಹೊರಟರೆ ಅರಿವೆಯೆಲ್ಲ ನಡುವೆ ಗುಡ್ಡೆಯಾಗುತ್ತದೆ. ಸಾಲುಗಳ ನಡುವೆ ಎರಡು ಇಂಚು ಬಿಟ್ಟೆ. ಕೈಕೌದಿಯ ಸಾಲು ಒಂದು ಇಂಚಿಗೆ ಒಂದು ಇದ್ದದ್ದರಿಂದ ಮೆದುವಿನ ಹೋಲಿಕೆಯಲ್ಲಿ ಯಂತ್ರಕ್ಕೆ ಅನುಕೂಲವನ್ನೇ ಮಾಡಿಕೊಟ್ಟಂತಾಯಿತು.

ಎರಡನೆಯ ತಕರಾರು ಪದರುಗಳು ಸರಿಯುವುದು. ಕೆಳಗಿನ ಹಲ್ಲುಗಳು ತಳದ ಅರಿವೆಯನ್ನು ಹಿಂದಕ್ಕೆ ಎಳೆಯುತ್ತವೆ, ಅರಿವೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಫೂಟ್ ಮೇಲ್ಪದರನ್ನು ತಡೆಯುತ್ತದೆ. ಏಳು ಅಡಿ ಹೋಗುವಷ್ಟರಲ್ಲಿ ಮೇಲ್ಪದರು ಎರಡು ಬೆರಳಷ್ಟು ಮುಂದೆ ಬಂದು ಸಾಲಿನ ಕೊನೆಯಲ್ಲಿ ನಿರಿಗೆ ಬೀಳುತ್ತದೆ. ಇದಕ್ಕೆ ಮೂರು ಮದ್ದು ಕಂಡುಕೊಂಡೆ. ಮೊದಲು ಇಡೀ ಕೌದಿಗೆ ಗೇಣು ಗೇಣಿಗೆ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಫೂಟ್‌ನ ಒತ್ತಡದ ತಿರುಪನ್ನು ಸಡಿಲಿಸಬೇಕು. ಒಂದು ಸಾಲನ್ನು ಮೇಲಿನಿಂದ ಕೆಳಕ್ಕೆ ಹೊಲಿದರೆ ಮುಂದಿನದನ್ನು ಕೆಳಗಿನಿಂದ ಮೇಲಕ್ಕೆ ಹೊಲಿಯಬಾರದು, ಎಲ್ಲವೂ ಒಂದೇ ದಿಕ್ಕಿನಲ್ಲಿರಬೇಕು. ಇಲ್ಲದಿದ್ದರೆ ಎರಡು ಸಾಲುಗಳ ನಡುವಿನ ಅರಿವೆ ಓರೆಯಾಗಿ ಹಿಂಡಿದಂತೆ ಕಾಣುತ್ತದೆ. ಸೂಜಿ 18ನೇ ನಂಬರಿನದು ಬೇಕು. ಕುಪ್ಪಸಕ್ಕೆ ಹಾಕುವ 14ನೇ ನಂಬರಿನ ಸೂಜಿ ಇಲ್ಲಿ ಬಾಗುತ್ತದೆ.

ಕಾಲುಯಂತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಹಿಡಿತ. ಎರಡು ತೇಪೆಗಳು ಕೂಡುವ ಕಡೆ ಪದರು ಆರೇಳಾಗುತ್ತದೆ. ಅಲ್ಲಿ ಕಾಲು ನಿಲ್ಲಿಸಿ ಕೈಯಿಂದ ಗಾಲಿ ತಿರುಗಿಸುತ್ತ ಒಂದೊಂದೇ ಟಾಕಿ ದಾಟಿಸಬಹುದು. ಇಡೀ ಕೌದಿಗೆ ಒಂದು ಸೂಜಿಯೂ ಮುರಿಯಲಿಲ್ಲ. ಟಾಕಿಯ ಉದ್ದವನ್ನು 4 ಮಿಲಿಮೀಟರಿಗೆ ಇಟ್ಟಿದ್ದೆ. ಬಲ ಅರ್ಧಕ್ಕೆ ಹತ್ತಿ ದಾರ, ಎಡ ಅರ್ಧಕ್ಕೆ ಪಾಲಿಯೆಸ್ಟರ್ ದಾರ ಹಾಕಿದೆ. ಕಚ್ಚಾ ಹೊಲಿಗೆಗೆ ಎರಡೂವರೆ ಗಂಟೆ, ಹೊಲಿಗೆಗೆ ನಾಲ್ಕೂವರೆ ಗಂಟೆ, ಒಟ್ಟು ಏಳು ಗಂಟೆ.

ಮೋಟಾರು ಕೂಡಿಸಿದ ಮೇಲೆ ಒಟ್ಟು ಐದೂವರೆ ಗಂಟೆ ಬೇಕಾಯಿತು. ಇಷ್ಟೇ ಉಳಿತಾಯವೇ ಎಂದು ನನಗೂ ಅನ್ನಿಸಿತು. ಕಚ್ಚಾ ಹೊಲಿಗೆಯ ಎರಡೂವರೆ ಗಂಟೆ ಹಾಗೆಯೇ ಉಳಿಯಿತು, ಪ್ರತಿ ಸಾಲಿಗೂ ಕೌದಿಯನ್ನು ಬಿಚ್ಚಿ ಸುತ್ತುವ ಸಮಯವೂ ಉಳಿಯಿತು. ಅದರ ಮೇಲೆ ಮೂರು ಸೂಜಿಗಳು ಮುರಿದವು. ತೇಪೆಯ ಕೂಡಿನ ಮೇಲೆ ಮೋಟಾರು ನಿಧಾನವಾಗಿ ಏರುವುದಿಲ್ಲ, ನುಗ್ಗುತ್ತದೆ. ಕೌದಿಯ ಭಾರ ಒಂದು ಕಡೆ ಜೋತುಬಿದ್ದು ಅರಿವೆಯನ್ನು ಎಳೆದಾಗ ಸೂಜಿ ಓರೆಯಾಗಿ ಕೆಳಗಿನ ತಗಡಿಗೆ ಬಡಿಯುತ್ತದೆ. ಪಕ್ಕದಲ್ಲಿ ಒಂದು ಮಂಚವನ್ನೋ ಮೇಜನ್ನೋ ಯಂತ್ರದ ಎತ್ತರಕ್ಕೆ ಇಟ್ಟು ಭಾರ ಹೊರಿಸಿದರೆ ಮುರಿಯುವುದು ಕಡಿಮೆಯಾಗುತ್ತದೆ. ಅದು ಹೊಳೆದದ್ದು ಮೂರನೆಯ ಸೂಜಿ ಮುರಿದ ಮೇಲೆ. ಮಧ್ಯಾಹ್ನ ಕರೆಂಟು ಹೋದಾಗ ಕೈಕಟ್ಟಿ ಕುಳಿತುಕೊಳ್ಳಬೇಕಾದದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೋಟಾರಿನ ಕೌದಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲೇ ಹೇಳಬೇಕು. ಕುಪ್ಪಸದ ಅಭ್ಯಾಸದಲ್ಲಿ ಟಾಕಿಯನ್ನು 2.5 ಮಿಲಿಮೀಟರಿಗೆ ಬಿಟ್ಟು ಹತ್ತು ಸಾಲು ಹೊಲಿದುಬಿಟ್ಟಿದ್ದೆ. ನೆನಪಾದ ಮೇಲೆ 4ಕ್ಕೆ ಬದಲಿಸಿದೆ. ದಾರ ಪೂರ್ತಿ ಪಾಲಿಯೆಸ್ಟರ್. ಆ ತಪ್ಪಿನಿಂದಲೇ ಮುಂದೆ ಎಲ್ಲಕ್ಕಿಂತ ದೊಡ್ಡ ಪಾಠ ಸಿಕ್ಕಿತು.

ನಮ್ಮ ಕಡೆ ಮಹಾನವಮಿಗೆ ಘಟ್ಟ ಹಾಕುವ (ಘಟಸ್ಥಾಪನೆಯ) ಮೊದಲು ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆತಕ್ಕೆ ಹೋಗಲೇಬೇಕು. ನೀರು ಕುಡಿದ ಕೌದಿಯನ್ನು ಎತ್ತಲು ಇಬ್ಬರು ಬೇಕು. ಕಲ್ಲಿಗೆ ಬಡಿದು, ತುಳಿದು, ಎರಡು ತುದಿ ಹಿಡಿದು ಹಿಂಡಿ, ಬಿಸಿಲಿಗೆ ಹರಡುತ್ತೇವೆ. ಕೌದಿಯ ಬಾಳಿಕೆಯನ್ನು ಅಳೆಯುವುದಾದರೆ ಆ ಕಲ್ಲಿನ ಮೇಲೆಯೇ ಅಳೆಯಬೇಕು.

ಮೊದಲ ವರ್ಷ ಮೂರೂ ಗಟ್ಟಿಯಾಗಿಯೇ ಹೊರಬಂದವು. 2024ರ ಒಗೆತದಲ್ಲಿ ಮೋಟಾರಿನ ಕೌದಿ ಎರಡು ಕಡೆ ಸೀಳಿತು. ಸೀಳು ಬಿದ್ದದ್ದು ಸಾಲಿನ ಪಕ್ಕದಲ್ಲಲ್ಲ, ಸಾಲಿನ ಮೇಲೆಯೇ. ಅಂಚೆಚೀಟಿಯ ತೂತುಗಳ ಗುಂಟ ಹರಿದಂತೆ ನೇರವಾಗಿ ಹರಿದಿತ್ತು. ದಾರ ಮಾತ್ರ ಒಂದೆಳೆಯೂ ಕಡಿದಿರಲಿಲ್ಲ. ಎರಡೂ ಸೀಳುಗಳು ಆ ಮೊದಲ ಹತ್ತು ಸಾಲುಗಳಲ್ಲೇ ಇದ್ದವು. 2.5 ಮಿಲಿಮೀಟರ್ ಎಂದರೆ ಇಂಚಿಗೆ ಹತ್ತು ತೂತು. ಉಟ್ಟು ಒಗೆದು ಸವೆದ ಅರಿವೆಗೆ ಅಷ್ಟು ತೂತು ತಾಳುವ ಶಕ್ತಿ ಇರುವುದಿಲ್ಲ. ಅದೇ ಕೌದಿಯ ಉಳಿದ ಸಾಲುಗಳು ಚೆನ್ನಾಗಿಯೇ ಇವೆ. ಮೋಟಾರು ಕೌದಿಯನ್ನು ಹಾಳು ಮಾಡುತ್ತದೆ ಎಂದು ಅಲ್ಲಿಯವರೆಗೆ ನಾನೂ ಹೇಳುತ್ತಿದ್ದೆ, ಈಗ ಹಾಗೆ ಹೇಳುವುದಿಲ್ಲ. ಹಾಳು ಮಾಡಿದ್ದು ಗಿಡ್ಡ ಟಾಕಿ.

ಕಾಲುಯಂತ್ರದ ಕೌದಿ ಎಲ್ಲಿಯೂ ಹರಿದಿಲ್ಲ. ಆದರೆ ಪಾಲಿಯೆಸ್ಟರ್ ದಾರದ ಅರ್ಧವನ್ನು ಬೆಳಕಿಗೆ ಹಿಡಿದರೆ ಒಂದೊಂದು ತೂತೂ ಉದ್ದವಾಗಿ ಎಳೆದಂತೆ ಕಾಣುತ್ತದೆ. ಹತ್ತಿ ದಾರದ ಅರ್ಧದಲ್ಲಿ ತೂತುಗಳು ದುಂಡಗೇ ಇವೆ. ಹೊಸ ಅರಿವೆಗೆ ಪಾಲಿಯೆಸ್ಟರ್ ನಡೆದೀತು. ಹಳೆಯ ಅರಿವೆಗೆ ಹತ್ತಿ ದಾರವನ್ನೇ ಹಾಕುತ್ತೇನೆ.

ಕೈಕೌದಿಯಲ್ಲಿ ಒಂದು ಗೇಣು ದಾರ ಕಡಿದು ಬಿಚ್ಚಿಕೊಂಡಿತ್ತು. ಇದನ್ನು ಮುಚ್ಚಿಡಬಾರದು: ಕೈಹೊಲಿಗೆ ಒಂದೇ ದಾರದ್ದು, ಒಂದು ಕಡೆ ಕಡಿದರೆ ಎರಡೂ ಬದಿಗೆ ಜಾರುತ್ತದೆ. ಯಂತ್ರದಲ್ಲಿ ಮೇಲಿನ ದಾರವೂ ಬಾಬಿನ್ ದಾರವೂ ಪ್ರತಿ ಟಾಕಿಯಲ್ಲಿ ಕೊಂಡಿಯಾಗುವುದರಿಂದ ಅಷ್ಟು ಸುಲಭವಾಗಿ ಬಿಚ್ಚುವುದಿಲ್ಲ. ಆದರೆ ಬಿಚ್ಚಿದ ಗೇಣನ್ನು ಹದಿನೈದು ನಿಮಿಷದಲ್ಲಿ ಹೊಲಿದೆ, ಈಗ ನೋಡಿದರೆ ಎಲ್ಲಿ ಎಂದು ನನಗೇ ತಿಳಿಯುವುದಿಲ್ಲ. ಮೋಟಾರಿನ ಕೌದಿಯ ಸೀಳುಗಳಿಗೆ ಮೇಲೆ ಹೊಸ ತೇಪೆಯನ್ನೇ ಹಾಕಬೇಕಾಯಿತು.

ಹೊದೆಯುವ ಸುಖದಲ್ಲಿ ಹೋಲಿಕೆಯೇ ಇಲ್ಲ. ಸಾಲುಗಳು ಒತ್ತಾಗಿದ್ದರೂ ಕೈಕೌದಿ ಮೈಮೇಲೆ ಇಳಿಯುತ್ತದೆ, ಯಂತ್ರದ್ದು ಮೈಮೇಲೆ ನಿಲ್ಲುತ್ತದೆ. ಯಂತ್ರದ ಹೊಲಿಗೆ ಪದರುಗಳನ್ನು ಒತ್ತಿ ಹಿಡಿದಿರುತ್ತದೆ. ಕೈಹೊಲಿಗೆಯ ಸಡಿಲದಲ್ಲಿ ಪದರುಗಳ ನಡುವೆ ಗಾಳಿ ಉಳಿದು ಬೆಚ್ಚಗಿಡುತ್ತದೆ. ಯಾವುದು ಯಾವುದೆಂದು ಹೇಳದೆ ಮೂರನ್ನೂ ಗಳುವಿನ ಮೇಲೆ ಹಾಕಿಟ್ಟರೂ ನನ್ನ ಮಗಳು ಕೈಕೌದಿಯನ್ನೇ ಎಳೆದುಕೊಳ್ಳುತ್ತಾಳೆ.

ಇನ್ನು ದುಡ್ಡಿನ ಮಾತು. ಅರಿವೆ ಗಿರಾಕಿಯದಾದರೆ ಈ ಅಳತೆಯ ಕೈಕೌದಿಗೆ 2,200 ರೂಪಾಯಿ, ಯಂತ್ರದ್ದಕ್ಕೆ 800 ರೂಪಾಯಿ ತೆಗೆದುಕೊಳ್ಳುತ್ತೇನೆ. ಕೇಳುವವರಿಗೆ ಕೈಯದು ದುಬಾರಿ. ನನಗೆ ಕೈಯದರಲ್ಲಿ ಗಂಟೆಗೆ 58 ರೂಪಾಯಿ ದಕ್ಕುತ್ತದೆ, ಕಾಲುಯಂತ್ರದಲ್ಲಿ 114. ನಮ್ಮ ಹೊಲಿಗೆಯ ಕೌದಿಗಳನ್ನು ಕೊಂಡು ಮಾರುತ್ತೇವೆಂದು ಬಂದ ಒಂದು ಅಂಗಡಿಯವರು ಎರಡಕ್ಕೂ ಒಂದೇ ದರ ಕೊಡುತ್ತೇವೆ ಎಂದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಕೈಕೌದಿಯನ್ನು ಅವರಿಗೆ ಕೊಡಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಓಣಿಗೆ ಬಂದು ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿದುಕೊಡುತ್ತಿದ್ದ ಗೊಂದಲಿಗರ ಹೆಂಗಸರಿಗೆ ಜೋಳ ಅಳೆದು, ಮೇಲೆ ಹಳೆಯ ಸೀರೆಯೊಂದನ್ನು ಕೊಟ್ಟು ಕಳಿಸುತ್ತಿದ್ದರು. ಅವರ ಬೆರಳು ಎಷ್ಟು ನೊಂದಿರಬೇಕು ಎಂದು ಈಗ ಅರಿವಾಗುತ್ತದೆ.

ಈಗ ಯಾರಾದರೂ ಬಂದರೆ, ಕೌದಿ ಯಾರಿಗೆ ಎಂದು ಮೊದಲು ಕೇಳುತ್ತೇನೆ. ಹಾಸ್ಟೆಲಿಗೆ ಹೋಗುವ ಮಗನಿಗೆ, ತಿಂಗಳಿಗೊಮ್ಮೆ ವಾಷಿಂಗ್ ಮಷಿನ್‌ಗೆ ಹಾಕುವುದಕ್ಕೆ ಎಂದರೆ ಹೊಸ ಹತ್ತಿ ಅರಿವೆ ತರಿಸಿ ಕಾಲುಯಂತ್ರದ ಮೇಲೆ ಹೊಲಿಯುತ್ತೇನೆ. ತೊಟ್ಟಿಲ ಕೂಸಿಗೆ ಎಂದರೆ ಯಂತ್ರ ಮುಟ್ಟುವುದಿಲ್ಲ. ಮೆದುವಾದ ಧೋತರದ ಎರಡೇ ಪದರು, ಕೈಹೊಲಿಗೆ, ಗಂಟುಗಳೆಲ್ಲ ಪದರಿನ ಒಳಗೆ. ತೀರಿಹೋದ ತಾಯಿಯ ಸೀರೆ ಎಂದರೆ ಅದೂ ಕೈಯದೇ, ಎಷ್ಟು ದಿನ ಹಿಡಿದರೂ ಸರಿ. ಮೋಟಾರನ್ನು ತೇಪೆಗಳನ್ನು ಉದ್ದ ಪಟ್ಟಿಗಳಾಗಿ ಕೂಡಿಸಲು, ಕೊನೆಗೆ ಅಂಚುಪಟ್ಟಿ ಕಟ್ಟಲು ಇಟ್ಟುಕೊಂಡಿದ್ದೇನೆ. ಆ ಕೆಲಸಕ್ಕೆ ಅದನ್ನು ಮೀರಿಸುವುದು ಬೇರೊಂದಿಲ್ಲ. ಹೀಗೆ ಬೆರೆಸಿದರೆ ಕೈಕೌದಿಯ ಮೂವತ್ತೆಂಟು ಗಂಟೆ ಮೂವತ್ತರ ಹತ್ತಿರಕ್ಕೆ ಇಳಿಯುತ್ತದೆ, ಹೊದೆಯುವ ಮೆದುವು ಕಡಿಮೆಯಾಗುವುದಿಲ್ಲ.

ಸದ್ಯ ಮಂಚದ ಮೇಲೆ ಇರುವುದು ಅಂಥದ್ದೇ ಒಂದು, ಮೂರು ಹಳೆಯ ಇಳಕಲ್ ಸೀರೆಗಳದ್ದು. ಪಟ್ಟಿಗಳು ಮೋಟಾರಿನ ಮೇಲೆ ಒಂದೇ ಮಧ್ಯಾಹ್ನದಲ್ಲಿ ಮುಗಿದವು. ಕೈಸಾಲುಗಳು ನಡುವಿಗೆ ಬರಲು ಇನ್ನೂ ಒಂಬತ್ತು ಚೌಕ ಬಾಕಿ ಇವೆ. ನಡುವಿನ ಖಣದ ತೇಪೆಯ ಮೂರು ಬದಿ ಹೊಲಿದು ಒಂದು ಬದಿ ತೆರೆದಿಟ್ಟಿದ್ದೇನೆ. ಕೌದಿ ಹಸಿದಿರಬಾರದೆಂದು ನಮ್ಮ ಮನೆಯಲ್ಲಿ ಅದರೊಳಗೆ ಜೋಳದ ರೊಟ್ಟಿಯ ಒಂದು ಚೂರು ಇಟ್ಟು ಹೊಲಿಗೆ ಮುಗಿಸುತ್ತೇವೆ. ಆ ದಿನದ ರೊಟ್ಟಿಯನ್ನು ಈ ಸೀರೆಗಳನ್ನು ಉಟ್ಟಿದ್ದ ತಾಯಿಯ ಮಗಳೇ ಬಡಿದು ತರುತ್ತೇನೆಂದು ಹೇಳಿ ಹೋಗಿದ್ದಾರೆ.