ಮಕ್ಕಳ ಕೆಮ್ಮಿಗೆ ಕೊಡಗಿನ ತುಡುವೆ ಜೇನು: ಸರಕು ಚೆನ್ನಾಗಿದೆ, ಚೀಟಿ ಸಾಲದು

ಮಡಿಕೇರಿಯಲ್ಲಿ ಜೇನು, ಏಲಕ್ಕಿ, ಕಾಳುಮೆಣಸು ಮಾರುವ ಮಳಿಗೆಯೊಂದರಿಂದ ಅರ್ಧ ಕಿಲೋ ತುಡುವೆ ಎಂಬ ಜೇನುನೊಣದ ಜೇನನ್ನೂ ಒಂದು ಪೊಟ್ಟಣ ಕಷಾಯದ ಪುಡಿಯನ್ನೂ ತಂದು, ನಾಲ್ಕು ವರ್ಷದ ಮಗನ ಕೆಮ್ಮು ನೆಗಡಿಗೆಂದು ಮಳೆಗಾಲವಿಡೀ ಬಳಸಿದ್ದೇವೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಮಕ್ಕಳು ತೀರಿಕೊಂಡ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಯಾವ ಸಿರಪ್ಪನ್ನೂ ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ತಿಳಿಸಿತ್ತು. ಹಾಗಾಗಿ ಮನೆಮದ್ದು ಮಾರುವವರ ಹೊಣೆಯೂ ಈಗ ಹೆಚ್ಚಿದೆ ಎಂಬ ದೃಷ್ಟಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಜೇನಿನ ಬಗ್ಗೆ ನನಗೆ ತಕರಾರಿಲ್ಲ. ಹೂಮಳೆ ಬಿದ್ದು ಕಾಫಿ ಅರಳಿದ ನಂತರ ತೆಗೆದ ಜೇನೆಂದು ಮಳಿಗೆಯವರು ಹೇಳಿದರು. ತಿಳಿಗೆಂಪು ಬಣ್ಣ, ಗಂಟಲಲ್ಲಿ ತುಸು ಒಗರು ಉಳಿಸುವ ರುಚಿ. ಜುಲೈ ಚಳಿಗೆ ಬಾಟಲಿಯ ತಳದಲ್ಲಿ ರವೆಯಂತೆ ಹರಳುಗಟ್ಟಿತು. ಅದನ್ನು ಕಂಡು ಸಕ್ಕರೆ ಪಾಕವೆಂದು ಅನುಮಾನಿಸಬೇಕಿಲ್ಲ, ಏಕೆಂದರೆ ಜೇನಿನ ಗ್ಲೂಕೋಸ್ ತಂಪಿಗೆ ಹರಳಾಗುವುದು ಸಹಜ, ಬೆಚ್ಚನೆಯ ನೀರಿನಲ್ಲಿ ಬಾಟಲಿ ಇಟ್ಟರೆ ಅದು ಮತ್ತೆ ಕರಗುತ್ತದೆ. (ನೀರಿಗೆ ಹನಿ ಬಿಟ್ಟು ನೋಡುವುದು, ಬತ್ತಿಗೆ ಅದ್ದಿ ಉರಿಸುವುದು ಮುಂತಾದ ಪರೀಕ್ಷೆಗಳಿಂದ ಶುದ್ಧತೆ ತಿಳಿಯುವುದಿಲ್ಲ.) ಮಲಗುವ ಮುಂಚೆ ಒಂದು ಸಣ್ಣ ಚಮಚ ಜೇನು ಕೊಟ್ಟರೆ ಮಗನ ರಾತ್ರಿ ಕೆಮ್ಮು ಎದ್ದು ಕಾಣುವಷ್ಟು ತಗ್ಗುತ್ತಿತ್ತು. 2012ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದರಲ್ಲಿ, ಒಂದರಿಂದ ಐದು ವರ್ಷದ 300 ಮಕ್ಕಳ ಪೈಕಿ ಮಲಗುವ ಮುನ್ನ 10 ಗ್ರಾಂ ಜೇನು ಪಡೆದವರ ಕೆಮ್ಮು, ಖರ್ಜೂರದ ಪಾಕ ಪಡೆದವರಿಗಿಂತ ಹೆಚ್ಚು ಇಳಿದಿತ್ತು. ನೆಗಡಿಯನ್ನು ಜೇನು ಗುಣಪಡಿಸುವುದಿಲ್ಲ, ಗಂಟಲಿನ ಕೆರೆತವನ್ನಷ್ಟೇ ಶಮನಗೊಳಿಸುತ್ತದೆ. ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆಯುವಾಗ ಪಕ್ಕೆ ಒಳಸೇರುತ್ತಿದ್ದರೆ ಬಾಟಲಿ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು.

ನನ್ನ ದೊಡ್ಡ ಆಕ್ಷೇಪ ಚೀಟಿಯ ಮೇಲಿದೆ. ಅದರಲ್ಲಿ ತೂಕ, ಬೆಲೆ, ಪರವಾನಗಿ ಸಂಖ್ಯೆ ಎಲ್ಲವೂ ಇವೆ; ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಬಾರದೆಂಬ ಮಾತು ಮಾತ್ರ ಇಲ್ಲ. ಜೇನಿನಲ್ಲಿ ಕೆಲವೊಮ್ಮೆ ಇರುವ ಬಾಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಿ, ಸ್ನಾಯುಗಳನ್ನೇ ಸೋಲಿಸಬಲ್ಲವು. ಜೇನನ್ನು ಹಾಲಿಗೆ ಬೆರೆಸಿದರೂ, ಬಿಸಿ ಮಾಡಿದರೂ ಆ ಬೀಜಾಣುಗಳು ಸಾಯುವುದಿಲ್ಲ. ಹೀಗಿರುವಾಗ, ಕಂಕುಳಲ್ಲಿ ಕೂಸಿದ್ದ ತಾಯಿಯೊಬ್ಬರಿಗೆ ಅಲ್ಲಿನ ಮಾರಾಟಗಾರರು "ಬೆರಳಲ್ಲಿ ಒಂಚೂರು ನೆಕ್ಕಿಸಿ ಅಮ್ಮ, ಏನೂ ಆಗಲ್ಲ" ಎಂದದ್ದು ಕೇಳಿ ಸುಮ್ಮನಿರಲಾಗಲಿಲ್ಲ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ರೂಢಿ ಇನ್ನೂ ಉಳಿದಿರುವ ನಾಡಿನಲ್ಲಿ ಆ ಎಚ್ಚರಿಕೆ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಇರಲೇಬೇಕು.

ಕಷಾಯದ ಪುಡಿ ಸಾಧಾರಣ. ಶುಂಠಿ, ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಸೇರಿಸಿದ ಅದರ ಖಾರ ಮಗುವಿಗೆ ವಿಪರೀತ. ನೀರು ಹೆಚ್ಚಿಸಿ ಬೆಲ್ಲ ಹಾಕಿದ ಮೇಲಷ್ಟೇ ಮಗ ಕುಡಿದ. ಮುಂದಿನ ಸಲ ಅಲ್ಲಿಂದ ಜೇನನ್ನು ಮಾತ್ರ ತರುತ್ತೇನೆ. ಕಷಾಯಕ್ಕೆ ಬೇಕಾದ ಮೆಣಸು ನಮ್ಮ ತೋಟದ ಬಳ್ಳಿಯಲ್ಲೇ ಇದೆ, ಮನೆಯಲ್ಲೇ ಹದ ನೋಡಿ ಕುಟ್ಟಿಕೊಳ್ಳಬಹುದು.