ಡ್ರಾಫ್ಟ್‌ನ ಕೊನೆ ಸುತ್ತು: ದೊಡ್ಡ ಹೆಸರೋ, ಸಣ್ಣ ಕ್ಲಬ್ಬಿನ ಡಿಫೆಂಡರೋ?

ಆಗಸ್ಟ್ ಮಳೆಗೆ ಕದ್ರಿಯ ಗೆಳೆಯನ ಮನೆಯಲ್ಲಿ ಎಂಟು ಮಂದಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ಫ್ಯಾಂಟಸಿ ಆಟ, ಪ್ರೀಮಿಯರ್ ಲೀಗ್ ಡ್ರಾಫ್ಟ್‌ಗೆ ಕೂರುತ್ತೇವೆ. ಸರದಿಯಲ್ಲಿ ಒಬ್ಬೊಬ್ಬ ಆಟಗಾರನನ್ನು ಆರಿಸುವುದು; ಒಬ್ಬರು ಹಿಡಿದವನು ಇನ್ನೊಬ್ಬರಿಗಿಲ್ಲ. ಅವನು ನಿಜವಾದ ಪಂದ್ಯದಲ್ಲಿ ಆಡಿದಂತೆ ನಮಗೆ ಪಾಯಿಂಟ್. ಗೋಳಿಬಜೆ ತಟ್ಟೆ ಖಾಲಿಯಾಗುವಷ್ಟರಲ್ಲಿ ಒಳ್ಳೆ ಸ್ಟ್ರೈಕರ್‌ಗಳೆಲ್ಲ ಹೋಗಿರುತ್ತಾರೆ. ಉಳಿಯುವುದು ಎರಡು ದಾರಿ.

ದೊಡ್ಡ ಕ್ಲಬ್ಬಿನ ಬೆಂಚ್ ಫಾರ್ವರ್ಡ್‌ಗೆ ಹೆಸರು ಜೋರು. ಆದರೆ ಕೊನೆ 20 ನಿಮಿಷಕ್ಕೆ ಇಳಿದರೆ 1 ಪಾಯಿಂಟ್, ಗೋಲಿಗೆ 4.

ಸಣ್ಣ ಕ್ಲಬ್ಬಿನ ಸೆಂಟರ್ ಬ್ಯಾಕ್, ಅಂದರೆ ನಡುವಿನ ಡಿಫೆಂಡರ್, ಪ್ರತಿ ವಾರ ಪೂರ್ತಿ ಆಡುತ್ತಾನೆ. ಅದಕ್ಕೇ 2. ಟೀಮು ಗೋಲು ಬಿಡದಿದ್ದರೆ ಇನ್ನೂ 4. ಕಾರ್ನರ್‌ಗೆ ತಲೆ ಕೊಟ್ಟು ಗೋಲು ಹೊಡೆದರೆ 6. 2025-26ರಿಂದ ಟ್ಯಾಕಲ್, ಬ್ಲಾಕ್, ಇಂಟರ್‌ಸೆಪ್ಷನ್, ಕ್ಲಿಯರೆನ್ಸ್ (ಗೋಲಿನ ಬಳಿಯಿಂದ ಚೆಂಡನ್ನು ದೂರ ಹೊಡೆಯುವುದು) ಸೇರಿ ಒಂದು ಪಂದ್ಯದಲ್ಲಿ 10 ಆದರೂ 2 ಸಿಗುತ್ತದೆ. ಸಣ್ಣ ಟೀಮಿನ ಮೇಲೆ ದಾಳಿ ಜಾಸ್ತಿ, ಅಲ್ವಾ? ಕ್ಲಿಯರೆನ್ಸೂ ಜಾಸ್ತಿ.

ನಾನು ಡಿಫೆಂಡರನ್ನೇ ಹಿಡಿಯುತ್ತೇನೆ. ಫಾರ್ವರ್ಡ್ ಬೇಕೇ ಬೇಕಾದರೆ, ಪೆನಾಲ್ಟಿ ಹೊಡೆಯುವವನನ್ನು ಹುಡುಕಿ.