ಹಳೆಯ ಕೊಳವೆ: ಒಡೆದಾಗ ದುರಸ್ತಿಯೋ, ಮೊದಲೇ ಬದಲಾವಣೆಯೋ?

ಚಿಕ್ಕಮಗಳೂರಿನಂಥ ಊರಿನ ನೀರು ಸರಬರಾಜಿನಲ್ಲಿ ಹಳೆಯ ಕೊಳವೆ, ಪಂಪುಗಳನ್ನು ಕೆಟ್ಟಾಗ ದುರಸ್ತಿ ಮಾಡಬೇಕೇ, ವಯಸ್ಸು ನೋಡಿ ಬದಲಿಸಬೇಕೇ ಅಥವಾ ಸ್ಥಿತಿಯನ್ನು ಪರೀಕ್ಷಿಸಿ ತೀರ್ಮಾನಿಸಬೇಕೇ ಎಂದು ಕೇಳಿದ್ದೀರಿ.

ಈ ವರ್ಷದ ಖರ್ಚನ್ನಷ್ಟೇ ನೋಡಿದರೆ ಮೊದಲನೆಯದೇ ಅಗ್ಗ. ಆದರೆ ಬೇಲೂರಿನ ಯಗಚಿ ಜಲಾಶಯದಿಂದ ಎತ್ತರದ ಚಿಕ್ಕಮಗಳೂರಿಗೆ ಪಂಪು ಮಾಡಿ ತಂದ ನೀರು ಸೋರಿದರೆ, ಅದಕ್ಕೆ ತೆತ್ತ ವಿದ್ಯುತ್ ಬಿಲ್ಲೂ ಮಣ್ಣುಪಾಲಾಗುತ್ತದೆ. ನೀರನ್ನು ಸರದಿಯಂತೆ ಬಿಡುವ ಕಡೆ, ಕೊಳವೆಯಲ್ಲಿ ಒತ್ತಡವಿಲ್ಲದ ಹೊತ್ತಿನಲ್ಲಿ, ಬಿರುಕಿನ ಮೂಲಕ ಚರಂಡಿಯ ಕೊಳೆ ಒಳಸೇರುವ ಅಪಾಯವೂ ಇದೆ. ಕೆಲವೇ ಮನೆಗಳಿಗೆ ಹೋಗುವ ಸಣ್ಣ ಪಿವಿಸಿ ಕೊಳವೆಗಾದರೆ ಕೆಟ್ಟಾಗ ದುರಸ್ತಿ ಮಾಡುವ ಕ್ರಮವೇ ಸಾಕು.

ವಯಸ್ಸು ನೋಡಿ ಬದಲಿಸುವುದು ಆಡಳಿತಕ್ಕೆ ಸುಲಭ, ಬಜೆಟ್ಟಿಗೆ ಭಾರ. ಬೀಡು ಕಬ್ಬಿಣದ ಕೊಳವೆ ಒಳ್ಳೆಯ ಮಣ್ಣಿನಲ್ಲಿ 50 ವರ್ಷ ದಾಟಿಯೂ ಬಾಳುವುದರಿಂದ, ವಯಸ್ಸಾಯಿತೆಂದಷ್ಟೇ ಅದನ್ನು ಅಗೆದು ತೆಗೆಯುವುದು ದುಂದು. ಪಂಪಿನ ಬೇರಿಂಗ್, ಸೀಲ್, ಮನೆಯ ಮೀಟರುಗಳಿಗೆ ವಯಸ್ಸು ನೋಡಿ ಬದಲಿಸುವ ಕ್ರಮ ಹೊಂದುತ್ತದೆ.

ಕೆಟ್ಟರೆ ಊರೇ ಒಣಗುವ ಮುಖ್ಯ ಕೊಳವೆಮಾರ್ಗಕ್ಕೆ ಸ್ಥಿತಿ ಪರೀಕ್ಷೆಯೇ ಮೇಲು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಯಾವ ಬೀದಿಯ, ಯಾವ ವರ್ಷದ ಕೊಳವೆ ಎಷ್ಟು ಬಾರಿ ಒಡೆಯಿತೆಂಬ ದಾಖಲೆ ಬೇಕು. ಆ ಮಾಹಿತಿ ಎಷ್ಟೋ ಕಡೆ ಹಿರಿಯ ನೀರುಗಂಟಿಯ ತಲೆಯಲ್ಲಷ್ಟೇ ಇರುತ್ತದೆ. ಅವರ ನಿವೃತ್ತಿಗೆ ಮುನ್ನ ಅದನ್ನು ನಕ್ಷೆಗೆ ಇಳಿಸದ ಕಚೇರಿಗೆ ಉಳಿಯುವುದು ಮೊದಲೆರಡು ದಾರಿಗಳು ಮಾತ್ರ.